ರಟ್ಟಿನ ಆ ಕಡೆ

ಮಾರ್ಚ್ ೪, ಮಂಗಳವಾರ

ಮೂರು ವಾರದ ಮೇಲೆ ಇವತ್ತು ಕೋಣೆಯ ಬೀಗ ತೆಗೆದೆ. ಅಕ್ಕನ ಲೋಟದ ತಳದಲ್ಲಿ ಅವಳ ಸಪ್ಪೆ ಚಹಾ ಒಣಗಿ ಕಪ್ಪಗೆ ಅಂಟಿತ್ತು. ತೊಳೆಯೋಣವೆಂದು ಎತ್ತಿಕೊಂಡವನು ಮತ್ತೆ ಇದ್ದಲ್ಲೇ ಇಟ್ಟೆ.

ಎರಡು ಮೇಜುಗಳ ನಡುವೆ ನಮ್ಮ ರಟ್ಟು ಹಾಗೇ ನಿಂತಿದೆ. ತನ್ನ ಮನೆಗೆ ಫ್ರಿಜ್ಜು ಬಂದಿದ್ದ ಡಬ್ಬವನ್ನು ಕತ್ತರಿಸಿ ಅಕ್ಕ ಮಾಡಿದ ಗೋಡೆ ಅದು. "ಈ ಬದಿ ಮೇಲಕ್ಕೆ" ಎನ್ನುವ ಬಾಣ ನೆಲ ತೋರಿಸುತ್ತಿದೆ. ಯಾವುದನ್ನೇ ಆಗಲಿ ಒಮ್ಮೆ ತಲೆಕೆಳಗು ಮಾಡದೆ ಅವಳಿಗೆ ಸಮಾಧಾನವಿರಲಿಲ್ಲ.

ಮೊನ್ನೆ, ಅಕ್ಕ ತೀರಿಕೊಂಡಳೆಂದು ಮಾತಾಡಿಸಲು ಬಂದ ಪಕ್ಕದ ಮನೆಯವರು, "ಅಕ್ಕ ತಮ್ಮ ಇಬ್ರೂ ಒಂದೇ ಕೋಣೇಲಿ ಕೂತು ಅಷ್ಟು ವರ್ಷ ಏನ್ ಮಾಡಿದ್ರಿ?" ಎಂದು ಕೇಳಿದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ. ಈಗ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಬಹಳ ದೂರದಲ್ಲಿ ಸಾವಿರಾರು ಗೆಲಾಕ್ಸಿಗಳು ಕಿಕ್ಕಿರಿದ ಒಂದು ದೊಡ್ಡ ಗೊಂಚಲಿದೆ. ಅದರ ಆಸುಪಾಸಿನಲ್ಲಿ ನಾಲ್ಕೈದು, ಹೆಚ್ಚೆಂದರೆ ಹತ್ತು ಗೆಲಾಕ್ಸಿಗಳ ಸಣ್ಣ ಗುಂಪುಗಳಿವೆ. ಗೊಂಚಲಿನ ಸೆಳೆತ ಅವನ್ನು ಸುಮ್ಮನಿರಲು ಬಿಡುವುದಿಲ್ಲ. ಮೊದಲ ಸಲ ಅದರತ್ತ ಬೀಳುತ್ತಿರುವ ಗುಂಪುಗಳು "ಹೊಸಬರು". ಒಮ್ಮೆ ಅದರೊಳಗೆ ನುಗ್ಗಿ, ಇದ್ದಬದ್ದ ಜಲಜನಕ ಕಳೆದುಕೊಂಡು ಆಚೆ ಬಂದವು "ಹಾದುಬಂದವರು". ಗೊಂಚಲಿನ ಗೊಡವೆಯೇ ಇಲ್ಲದೆ ನಮ್ಮ ಕಣ್ಣಿಗೆ ಮಾತ್ರ ಪಕ್ಕದಲ್ಲಿ ಕಾಣುವವು "ದಾರಿಹೋಕರು". ಮೂರೂ ಅಕ್ಕ ಇಟ್ಟ ಹೆಸರುಗಳು.

ಯಾವ ಗುಂಪು ಯಾವುದು ಎಂದು ಇಬ್ಬರೂ ಬೇರೆಬೇರೆಯಾಗಿ ನೋಡಿ ಗುರುತು ಹಾಕಬೇಕು. ಇಬ್ಬರ ಗುರುತೂ ಬೀಳುವವರೆಗೆ ಪಿಟ್ಟೆನ್ನಕೂಡದು. ರಟ್ಟು ಇರುವುದು ಅದಕ್ಕೇ. ಶುಕ್ರವಾರ ಮಧ್ಯಾಹ್ನ ರಟ್ಟು ಸರಿಸಿ, ಗುರುತು ಹೊಂದದ ಗುಂಪುಗಳ ಮೇಲೆ ಜಗಳವಾಡುತ್ತಿದ್ದೆವು. ಒಪ್ಪಿಕೊಂಡವರು ತಮ್ಮ ಗುರುತು ಬದಲಿಸಬೇಕು. ಬದಲಿಸುತ್ತಿದ್ದದ್ದು ಯಾವಾಗಲೂ ನಾನೇ.

ಮಾರ್ಚ್ ೬, ಗುರುವಾರ

ಗಡುವು ಕರೆದರು. ನಮ್ಮ ಮುಖ್ಯಸ್ಥರಿಗೆ ಆ ಹೆಸರಿಟ್ಟವಳೂ ಅಕ್ಕನೇ. ಮನುಷ್ಯ ಕೆಟ್ಟವರಲ್ಲ, ಆದರೆ ಬಾಯಿ ತೆಗೆದರೆ ಗಡುವು.

"ಏಪ್ರಿಲ್ ಕೊನೆಗೆ ಪಟ್ಟಿ ಹೋಗ್ಬೇಕು. ನಿಮ್ಮಕ್ಕ ಎಷ್ಟು ಮುಗಿಸಿದ್ರು?" ಎಂದರು.

ಅವರೇ ಮೆಲ್ಲಗೆ ಮುಂದುವರಿಸಿದರು. "ಅರ್ಧ ಆಗಿದ್ರೆ ಅದನ್ನ ಇಟ್ಕೊಳ್ಳೋಕಾಗಲ್ಲ. ಇನ್ನೊಬ್ರನ್ನ ಕೂರಿಸಿ ಮೊದಲಿಂದ ನೋಡಿಸ್ಬೇಕು. ಆಗ ಅವರ ಹೆಸರು ಕೃತಜ್ಞತೆ ಸಲ್ಲಿಸ್ತೀವಲ್ಲ, ಅಲ್ಲಿಗೆ ಹೋಗತ್ತೆ. ನನಗೂ ಬೇಜಾರೇ. ಏನ್ ಮಾಡೋದು, ನಿಯಮ."

ಕೃತಜ್ಞತೆಯಂತೆ! ಚಹಾ ತಂದುಕೊಟ್ಟವರ ಜೊತೆ, ಪ್ರಿಂಟರ್ ರಿಪೇರಿ ಮಾಡಿದವರ ಜೊತೆ ನಮ್ಮಕ್ಕ. ಈ ಕೆಲಸ ಶುರು ಮಾಡಿದವಳು ಅವಳು. ನನ್ನನ್ನು ಕಿವಿ ಹಿಡಿದು ಎಳೆದು ತಂದವಳು ಅವಳು. ನಮ್ಮ ಪಟ್ಟಿ ನಂಬಿ ದೂರದರ್ಶಕ ತಿರುಗಿಸಲು ಎಷ್ಟೋ ಮಂದಿ ಕಾದು ಕೂತಿದ್ದಾರೆ. ಅದರ ನೆತ್ತಿಯ ಮೇಲೆ ಅವಳ ಹೆಸರಿಲ್ಲದಿದ್ದರೆ ಹೇಗೆ?

"ಎಲ್ಲಾ ಮುಗಿಸಿದಾಳೆ ಸಾರ್. ಒಂದಿಷ್ಟು ಕಂಪ್ಯೂಟರಿಗೆ ಏರಿಸೋದು ಬಾಕಿ ಇದೆ, ಅಷ್ಟೆ" ಎಂದುಬಿಟ್ಟೆ.

ನಿಜವೇನೆಂದರೆ ಅವಳು ಅರ್ಧವೂ ಮುಗಿಸಿರಲಿಲ್ಲ. ಉಳಿದದ್ದನ್ನು ಅವಳ ಹಾಗೆ ನೋಡಿ ನಾನೇ ಗುರುತು ಹಾಕುತ್ತೇನೆ. ಇಷ್ಟು ವರ್ಷ ಪಕ್ಕದಲ್ಲಿ ಕೂತವನಿಗೆ ಅವಳು ಏನೆನ್ನುತ್ತಾಳೆ ಎಂದು ಗೊತ್ತಾಗದೆ ಇರುತ್ತದೆಯೇ? ಬೆಳಗ್ಗೆ ನನ್ನ ಕಡೆ ಕೂರುವುದು, ಮಧ್ಯಾಹ್ನ ರಟ್ಟಿನ ಆ ಕಡೆ. ಮೋಸ ಎಂದು ಯಾರಾದರೂ ಅನ್ನಬಹುದು. ಅನ್ನಲಿ.

ಮಾರ್ಚ್ ೭, ಶುಕ್ರವಾರ

ಅಕ್ಕನ ಕುರ್ಚಿ ನನಗೆ ಗಿಡ್ಡ. ಎತ್ತರಿಸಲು ಹೋಗಿ ಬಿಟ್ಟೆ. ಅವಳ ಹಾಗೆ ಎಡಗಾಲು ಮಡಿಸಿ ಕೂತರೆ ಸರಿಹೋಗುತ್ತದೆ.

ಅವಳ ಪದ್ಧತಿ ಗೊತ್ತಿದ್ದದ್ದೇ. ಮೊದಲು ಚಿತ್ರವನ್ನು ಪೂರಾ ತಲೆಕೆಳಗು ಮಾಡಬೇಕು. "ಕಣ್ಣಿಗೆ ಅಭ್ಯಾಸ ಆಗಿಬಿಡತ್ತೆ ಗುಂಡ. ಅಭ್ಯಾಸ ಆದ ಕಣ್ಣು ನೋಡಲ್ಲ, ನೆನಪು ಮಾಡ್ಕೊಳತ್ತೆ. ತಿರುಗಿಸಿ ನೋಡು" ಎನ್ನುತ್ತಿದ್ದಳು. ನಲವತ್ತು ದಾಟಿದ ತಮ್ಮನನ್ನು ಗುಂಡ ಎಂದು ಕರೆಯಲು ಅವಳಿಗೆ ನಾಚಿಕೆಯಿರಲಿಲ್ಲ.

ತಿರುಗಿಸಿ ನೋಡಿದೆ. ಬೆಳಗ್ಗೆ ನಾನು "ಹೊಸಬರು" ಎಂದಿದ್ದ ಒಂದು ಗುಂಪು ಮಧ್ಯಾಹ್ನ ಆ ಕಡೆ ಕೂತಾಗ "ದಾರಿಹೋಕರು" ಎಂದು ಕಂಡಿತು. ಎಷ್ಟು ಖುಷಿಯಾಯಿತೆಂದರೆ, ಒಬ್ಬನೇ ರಟ್ಟು ಸರಿಸಿ, ಒಬ್ಬನೇ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಕೂತು ಜಗಳವಾಡಿದೆ. ಕೊನೆಗೆ ನಾನೇ ಒಪ್ಪಿಕೊಂಡೆ. ಎಂದಿನಂತೆ.

ಮಾರ್ಚ್ ೧೩, ಗುರುವಾರ

ಬೆಳಗ್ಗೆ ಹೋದಾಗ ನನ್ನ ಪರದೆಯ ಚಿತ್ರ ತಲೆಕೆಳಗಾಗಿತ್ತು. ಅವಳದಲ್ಲ, ನನ್ನ ಪರದೆ. ಹೇಗೆ ಬಿಟ್ಟುಹೋದರೆ ಹಾಗೇ ಇರುತ್ತದೆ ಅದು. ನಿನ್ನೆ ನಾನು ನೇರವಾಗಿ ಬಿಟ್ಟುಹೋಗಿದ್ದೆ. ಖಂಡಿತ ನೇರವಾಗಿ ಬಿಟ್ಟುಹೋಗಿದ್ದೆ.

ಮಾರ್ಚ್ ೧೪, ಶುಕ್ರವಾರ

ಇವತ್ತೂ.

ಮಾರ್ಚ್ ೧೯, ಬುಧವಾರ

ಕೆಲಸ ಸರಾಗವಾಗಿ ಸಾಗುತ್ತಿದೆ. ಒಂದು ಗುಂಪಿನಲ್ಲಿ ನಾಲ್ಕು ಗೆಲಾಕ್ಸಿ ಒಟ್ಟಿಗಿವೆ ಎಂದುಕೊಂಡಿದ್ದೆ. ನಾಲ್ಕನೆಯದು ಅವರ ಮನೆಯದಲ್ಲ, ಬಾಗಿಲಲ್ಲಿ ಸುಮ್ಮನೆ ನಿಂತದ್ದು ಎಂದು ಅಕ್ಕ ಹೇಳಿದಳು. ವೇಗ ತೆಗೆದು ನೋಡಿದರೆ ಹೌದು, ಅದು ತೀರಾ ಬೇರೆ. ಒಳ್ಳೆಯ ಕಣ್ಣು ಅವಳದು.

ನನ್ನ ಹೆಂಡತಿ ರಾತ್ರಿ ಊಟಕ್ಕೆ ಕೂತಾಗ ನನ್ನನ್ನೇ ನೋಡುತ್ತಿದ್ದಳು. ಇವಳು ಹಲ್ಲಿನ ಡಾಕ್ಟರು. ಬಾಯಿ ತೆಗೆಯದವರ ಬಾಯಲ್ಲೂ ಏನಿದೆ ಎಂದು ಕಂಡುಹಿಡಿಯುವುದು ಅವಳ ಕಸುಬು.

"ಯಾವಾಗಿಂದ ಸಕ್ಕರೆ ಬಿಟ್ರಿ?" ಎಂದಳು.

"ಬಿಟ್ಟಿಲ್ಲವಲ್ಲ."

"ಹತ್ತು ದಿನದಿಂದ ಸಪ್ಪೆ ಚಹಾ ಕುಡೀತಿದೀರ ರೀ. ಕಾಲು ಮಡಿಸ್ಕೊಂಡು ಕೂರ್ತೀರ. ನಿನ್ನೆ ನಕ್ಕಾಗ ನಾನು ಒಂದು ಗಳಿಗೆ ಬೆಚ್ಚಿಬಿದ್ದೆ."

"ಯಾಕೆ?"

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸಕ್ಕರೆ ಕಮ್ಮಿ ಮಾಡಿದರೆ ಹಲ್ಲಿಗೆ ಒಳ್ಳೆಯದೆಂದು ಅವಳೇ ಹತ್ತು ವರ್ಷದಿಂದ ಹೇಳುತ್ತಿದ್ದಾಳೆ. ಈ ಹೆಂಗಸರಿಗೆ ಹೇಗಿದ್ದರೂ ಕಷ್ಟ.

ಮಾರ್ಚ್ ೨೮, ಶುಕ್ರವಾರ

ಇವತ್ತಿನ ದಿನವನ್ನು ಸರಿಯಾಗಿ ಬರೆದಿಡಬೇಕು.

ಗೊಂಚಲಿನ ಅಂಚಿನಲ್ಲಿ ಐದು ಗೆಲಾಕ್ಸಿಗಳ ಒಂದು ಗುಂಪಿದೆ. ನಾವು ಅದನ್ನು ಹಟಮಾರಿ ಗುಂಪು ಎನ್ನುತ್ತೇವೆ. ಹಟ ಅದರದಲ್ಲ, ನಮ್ಮದು. ನಾನು "ಹೊಸಬರು" ಎಂದು ಗುರುತು ಹಾಕಿದ್ದೆ, ಅಕ್ಕ "ಹಾದುಬಂದವರು" ಎಂದಿದ್ದಳು. ಅವಳು ಜ್ವರ ಬಂದು ಮಲಗುವ ಮುಂಚೆ ನಾವು ಕೊನೆಯ ಸಲ ಜಗಳವಾಡಿದ್ದೂ ಅದರ ಮೇಲೆಯೇ. ಇಬ್ಬರೂ ಬಗ್ಗಲಿಲ್ಲ. ಹೋದ ವರ್ಷವೇ ರೇಡಿಯೊ ದೂರದರ್ಶಕದವರಿಗೆ ಅರ್ಜಿ ಹಾಕಿದ್ದೇವೆ, ಅವರು ಏಪ್ರಿಲಿನಲ್ಲಿ ನೋಡಿ ಹೇಳುತ್ತಾರೆ. ಓಡುವ ಗೆಲಾಕ್ಸಿಯಿಂದ ಜಲಜನಕ ಕಿತ್ತುಬಂದು ಬಾಲದ ಹಾಗೆ ಹಿಂದೆ ಉಳಿಯುತ್ತದೆ, ಮಣ್ಣು ರಸ್ತೆಯಲ್ಲಿ ಬಸ್ಸಿನ ಹಿಂದೆ ಧೂಳು ಉಳಿಯುವಂತೆ. ಬಾಲ ಗೊಂಚಲಿನಿಂದ ಆಚೆಗೆ ಚಾಚಿದ್ದರೆ ಗುಂಪು ಒಳಗೆ ಬೀಳುತ್ತಿದೆ, ನಾನು ಸರಿ. ಬಾಲ ಗೊಂಚಲಿನ ಕಡೆಗೇ ಇದ್ದರೆ ಗುಂಪು ಅಲ್ಲಿಂದ ಹೊರಗೆ ಬಂದದ್ದು, ಅಕ್ಕ ಸರಿ.

ಆಸ್ಪತ್ರೆಯಲ್ಲೂ ಅದೇ ಮಾತು. ಜ್ವರ ಶ್ವಾಸಕೋಶಕ್ಕೆ ಇಳಿದು, ಮೂಗು ಬಾಯಿಗೆ ಮುಖವಾಡ ಹಾಕಿದ್ದರು. "ಹಟಮಾರಿ ಹೊಸಬರೇ ಕಣೇ. ನೀನು ಎದ್ದು ಬಾ, ತೋರಿಸ್ತೀನಿ" ಎಂದೆ. ಅವಳು ಕೈ ಎತ್ತಿ ಅಂಗೈ ಮೇಲೆ ಕೆಳಗೆ, ಮೇಲೆ ಕೆಳಗೆ ತಿರುಗಿಸಿದಳು. ನರ್ಸು ಪಾಪ ಓಡಿಬಂದು ಅವಳನ್ನು ಮಗ್ಗುಲು ತಿರುಗಿಸಿ ಮಲಗಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಅವಳ ಕಣ್ಣೂ ನಕ್ಕಿತು. ಅದರ ಮಾರನೆಯ ದಿನ ಅವಳು ಇರಲಿಲ್ಲ.

ಇವತ್ತು ಮಧ್ಯಾಹ್ನ ರಟ್ಟು ಸರಿಸಿ ಹಟಮಾರಿಯನ್ನು ಮತ್ತೆ ತೆಗೆದೆ. ಮೊದಲು ಈ ಕಡೆಯಿಂದ ನನ್ನ ವಾದ ಹೇಳಿದೆ: ಐದೂ ಇನ್ನೂ ಒಟ್ಟಿಗಿವೆ. ಗೊಂಚಲಿನೊಳಗೆ ಹೋಗಿ ಬಂದಿದ್ದರೆ ಚೆಲ್ಲಾಪಿಲ್ಲಿಯಾಗಬೇಕಿತ್ತು. ಆಮೇಲೆ ಆ ಕಡೆ ಹೋಗಿ ಕಾಲು ಮಡಿಸಿ ಕೂತೆ. ಪಕ್ಕದ ಕಟ್ಟಡದ ಪೈಪಿನಲ್ಲಿ ನೀರು ಇಳಿಯುತ್ತಿದ್ದದ್ದು ಕೇಳಿಸುತ್ತಿತ್ತು.

ಆಗ ಅಕ್ಕ, "ಆಯ್ತು ಬಿಡು ಗುಂಡ. ನೀನ್ ಹೇಳೋದೇ ಸರಿ ಕಾಣತ್ತೆ" ಎಂದಳು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅಕ್ಕ ಒಪ್ಪಿದಳು! ಒಪ್ಪಿದವರು ಬದಲಿಸಬೇಕಲ್ಲ, ಅವಳ ಗುರುತು ಅಳಿಸಿ "ಹೊಸಬರು" ಎಂದು ಹಾಕಿದೆ. ಬರುವ ದಾರಿಯಲ್ಲಿ ಬಿಸ್ಕತ್ತು ಕೊಂಡು ಕಾವಲಿನವರಿಗೆ, ಎದುರು ಮನೆಯ ಮಕ್ಕಳಿಗೆ ಹಂಚಿದೆ. ಇವಳಿಗೂ ಕೊಟ್ಟೆ. ಏನು ವಿಶೇಷ ಎಂದು ಕೇಳಿದಳು. ಅಕ್ಕನ ಹತ್ತಿರ ಗೆದ್ದೆ ಎಂದೆ. ಬಿಸ್ಕತ್ತು ಅವಳ ಕೈಯಲ್ಲೇ ಉಳಿಯಿತು.

ಮಾರ್ಚ್ ೩೦, ಭಾನುವಾರ

ಭಾವ ಊಟಕ್ಕೆ ಬಂದಿದ್ದರು. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಮೇಷ್ಟ್ರು, ಬೆರಳಿಗೆ ಯಾವಾಗಲೂ ಬಣ್ಣ. ಈಗ ಬೆರಳು ಸ್ವಚ್ಛವಾಗಿದೆ. ರಜೆ ಹಾಕಿದ್ದಾರಂತೆ.

ಅವರನ್ನು ಗೆಲುವಾಗಿಸೋಣ ಎಂದು ಹಟಮಾರಿ ಗುಂಪಿನ ಸಂಗತಿ ಎತ್ತಿದೆ. "ಕೊನೆಗೂ ಒಪ್ಕೊಂಡ್ಲು ಭಾವ" ಎಂದೆ.

ಅವರ ಕೈ ತುತ್ತಿನ ಮೇಲೆ ನಿಂತಿತು. "ಒಪ್ಕೊಂಡ್ಲಾ? ಯಾವಾಗ?"

ಇವಳು ನೀರಿನ ಜಗ್ಗು ಹಿಡಿದು ನಿಂತಲ್ಲೇ ನಿಂತಳು.

"ಆಸ್ಪತ್ರೇಲಿ" ಎಂದೆ. ಬೇರೇನು ಹೇಳಲಿ?

ಭಾವ ತಲೆ ತಗ್ಗಿಸಿಕೊಂಡರು. "ಹಾಗಾದ್ರೆ ಅವಳಿಗೆ ತುಂಬಾನೇ ಸುಸ್ತಾಗಿತ್ತು ಅನ್ನಿ" ಎಂದರು. "ಮದುವೆಯಾದಾಗಿಂದ ಒಂದು ಸಲ, ಒಂದೇ ಒಂದು ಸಲ ಅವಳು ನಾನು ಹೇಳಿದ್ದು ಸರಿ ಅಂದಿದ್ದಿಲ್ಲ. ಕೊನೇವರೆಗೂ ಜಗಳಗಂಟಿಯಾಗೇ ಇದ್ಲು ಅನ್ಕೊಂಡು ಸಮಾಧಾನ ಮಾಡ್ಕೊಂಡಿದ್ದೆ."

ಮೊಸರು ಹಾಕಿಸಿಕೊಳ್ಳದೆ ಎದ್ದು ಕೈ ತೊಳೆದರು. ಗೇಟಿನ ತನಕ ಬಿಟ್ಟುಬಂದೆ. ಏನೋ ಕದ್ದವನ ಹಾಗೆ ಅನ್ನಿಸಿತು. ಏನು ಕದ್ದೆ ಎಂದು ಮಾತ್ರ ಹೊಳೆಯಲಿಲ್ಲ.

ಏಪ್ರಿಲ್ ೩, ಗುರುವಾರ

ಆ ಕಡೆ ಕೂತರೂ ಅಕ್ಕ ಮಾತಾಡುತ್ತಿಲ್ಲ. ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾಳೆ. ನಾನು ಬೆಳಗ್ಗೆ ಏನು ಹಾಕಿದ್ದೇನೋ ಮಧ್ಯಾಹ್ನ ಅವಳೂ ಅದನ್ನೇ ಹಾಕುತ್ತಾಳೆ. ಬೇಕೆಂದೇ ಒಂದು ಗುಂಪಿಗೆ ತಪ್ಪು ಗುರುತು ಹಾಕಿ ಕಾದೆ. ಅದಕ್ಕೂ ಹೂಂ.

ಹೀಗಿರಲಿಲ್ಲ ಅಕ್ಕ. ಕೋಪ ಬಂದು ಕುರ್ಚಿಯನ್ನು ಒದ್ದೆ. ಅದು ಉರುಳಿಕೊಂಡು ಹೋಗಿ ಗೋಡೆಗೆ ತಾಗಿ, ತಿರುಗಿ, ನನ್ನ ಕಡೆ ಮುಖ ಮಾಡಿ ನಿಂತಿತು. ಬೇಗ ಮನೆಗೆ ಬಂದುಬಿಟ್ಟೆ.

ಏಪ್ರಿಲ್ ೪, ಶುಕ್ರವಾರ

ಎಲ್ಲ ಗುರುತೂ ಮುಗಿಯಿತು. ಸೋಮವಾರ ಗಡುವಿನವರ ಕೈಗೆ ಕೊಟ್ಟರಾಯಿತು. ಅಕ್ಕನ ಹೆಸರು ಮೊದಲು, ನನ್ನದು ಆಮೇಲೆ. ಸಂತೋಷವಾಗಬೇಕಿತ್ತು.

ಏಪ್ರಿಲ್ ೯, ಬುಧವಾರ

ಸೋಮವಾರ ಕೊಡಲಿಲ್ಲ. ಮಂಗಳವಾರವೂ ಕೊಡಲಿಲ್ಲ. ಇವತ್ತು ಬೆಳಗ್ಗೆ ರೇಡಿಯೊದವರ ಚಿತ್ರ ಬಂತು.

ಹಟಮಾರಿಯ ಐದರಲ್ಲಿ ನಾಲ್ಕಕ್ಕೆ ಜಲಜನಕವೇ ಇಲ್ಲ. ಐದನೆಯದಕ್ಕೆ ಉಳಿದಿರುವುದು ಒಂದು ತೆಳ್ಳನೆಯ ಬಾಲ, ಅದೂ ಉದ್ದಕ್ಕೆ ಗೊಂಚಲಿನ ಕಡೆಗೆ.

ಚಿತ್ರವನ್ನು ಅವರು ಉಲ್ಟಾ ಕಳಿಸಿರಬೇಕು ಎಂದುಕೊಂಡೆ. ತಿರುಗಿಸಿದೆ. ಗೊಂಚಲೂ ತಿರುಗಿತು, ಬಾಲವೂ ಅದರ ಜೊತೆಗೇ ತಿರುಗಿತು. ಮತ್ತೆ ತಿರುಗಿಸಿದೆ. ಹೇಗೆ ಹಿಡಿದರೂ ಆ ಬಾಲ ಗೊಂಚಲನ್ನೇ ತೋರಿಸುತ್ತಿತ್ತು. ರೇಡಿಯೊ ಕೇಂದ್ರಕ್ಕೆ ಫೋನು ಮಾಡಿ ದಿಕ್ಕು ಸರಿಯಿದೆಯಾ ಎಂದು ಕೇಳಿದೆ. ಅಲ್ಲಿಯವರು, "ನಾವೂ ಮೂರು ಸಲ ನೋಡಿದ್ವಿ ಸಾರ್. ಒಳಗೆ ಹೋಗಿ ಹಾದು ಬಂದಿರೋ ಗುಂಪು ಇದು, ಅನುಮಾನವೇ ಇಲ್ಲ. ನಿಮ್ಮಲ್ಲಿ ಯಾರು ಮೊದಲೇ ಹೀಗಂತ ಹೇಳಿದ್ರು? ಶಹಬ್ಬಾಸ್ ಅನ್ಬೇಕು" ಎಂದರು.

ಯಾರು ಹೇಳಿದ್ದೆಂದು ನೋಡೋಣವೆಂದು ಪಟ್ಟಿ ತೆಗೆದರೆ, ಹಟಮಾರಿಯ ಮುಂದೆ ನನ್ನ ಗುರುತು "ಹೊಸಬರು". ಅಕ್ಕನದೂ "ಹೊಸಬರು".

ಅವತ್ತು ಆ ಕುರ್ಚಿಯಲ್ಲಿ ಒಪ್ಪಿಕೊಂಡದ್ದು ಯಾರು? ಅಕ್ಕ ಒಪ್ಪಿರಲೇ ಇಲ್ಲ. ಉಸಿರಾಡಲು ಆಗದೆ ಇದ್ದಾಗಲೂ ಕೈ ಎತ್ತಿ, ತಿರುಗಿಸಿ ನೋಡೋ ಎಂದವಳು ಅವಳು. ನಾನೇ ಸೋತು, ನಾನೇ ಗೆದ್ದು, ಬೀದಿಗೆಲ್ಲ ಬಿಸ್ಕತ್ತು ಹಂಚಿದೆ. ಅವಳ ಹೆಸರು ಉಳಿಸುತ್ತೇನೆ ಎಂದು ಹೊರಟವನು ಅವಳು ಸರಿಯಾಗಿ ಹೇಳಿದ್ದ ಮಾತನ್ನೇ ಅಳಿಸಿದೆ. ಸತ್ತವಳ ಬಾಯಲ್ಲಿ ನನ್ನ ಮಾತು ತುರುಕಿದೆ. ಇಷ್ಟು ದಿನ ಆ ಕಡೆ ಯಾರೂ ಇರಲಿಲ್ಲ. ನಾನೊಬ್ಬನೇ ಇದ್ದೆ.

ರಟ್ಟಿಗೆ ಹಣೆ ಆನಿಸಿ ಅತ್ತೆ. ಅವಳು ಹೋದಾಗಲೂ ಹೀಗೆ ಅತ್ತಿರಲಿಲ್ಲ.

ಏಪ್ರಿಲ್ ೧೦, ಗುರುವಾರ

ಗಡುವಿನವರಿಗೆ ಎಲ್ಲ ಹೇಳಿದೆ. ನಿಂತೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವುದು ಅವರದು, ಯಾವುದು ನಿಮ್ಮದು, ಬಿಡಿಸೋಕಾಗತ್ತಾ?"

"ಆಗತ್ತೆ ಸಾರ್. ಅವಳು ಆಸ್ಪತ್ರೆ ಸೇರಿದ ಮೇಲಿನದೆಲ್ಲಾ ನಂದು. ಅದಕ್ಕೆ ಮುಂಚಿನದ್ರಲ್ಲಿ ಒಂದೇ ಒಂದು ಬದಲಿಸಿದೀನಿ."

"ಹಟಮಾರಿ?"

ತಲೆಯಾಡಿಸಿದೆ. ಅವರಿಗೂ ಆ ಹೆಸರು ಗೊತ್ತಿತ್ತು.

"ಇದು ಹೊರಗೆ ಹೋಗಿದ್ರೆ ಎಷ್ಟು ಜನ ಇದನ್ನ ನಂಬ್ಕೊಂಡು ತಿಂಗಳುಗಟ್ಲೆ ಅಲೀತಿದ್ರು, ಗೊತ್ತೇನ್ರಿ?" ಎಂದರು. ಧ್ವನಿ ಏರಿತ್ತು. ಆಮೇಲೆ ಇಳಿಯಿತು. "ಅವರ ಹೆಸರು ಕೃತಜ್ಞತೆಗೆ ಹೋಗತ್ತೆ. ನಿಮ್ಮದು ಎಲ್ಲಿಗೆ ಹೋಗತ್ತೋ ನೋಡ್ಬೇಕು. ಮೊದಲು ಅದನ್ನೆಲ್ಲಾ ಅಳಿಸಿ. ಹೊಸಬ್ರು ಒಬ್ರು ಬರ್ತಾರೆ, ಅವರ ಜೊತೆ ಮೊದಲಿಂದ ನೋಡಿ. ಗಡುವು ನಾನ್ ನೋಡ್ಕೊಳ್ತೀನಿ."

ಒಂದೊಂದಾಗಿ ಅಳಿಸಿದೆ. ಹಟಮಾರಿಯ ಮುಂದೆ ಮಾತ್ರ ಅವಳ ಗುರುತನ್ನು ಮತ್ತೆ ಬರೆದೆ: "ಹಾದುಬಂದವರು."

ಸಂಜೆ ಭಾವನ ಮನೆಗೆ ಹೋದೆ. ಆಸ್ಪತ್ರೆಯಲ್ಲಿ ಅಕ್ಕ ಒಪ್ಪಿಕೊಂಡಳು ಎಂದಿದ್ದು ಸುಳ್ಳು, ಅವಳು ಕೊನೆಗೂ ಬಗ್ಗಲಿಲ್ಲ, ಈಗ ನೋಡಿದರೆ ಅವಳೇ ಸರಿ ಎಂದೆ.

"ಗೆದ್ಲಾ?" ಎಂದರು.

"ಗೆದ್ಲು ಭಾವ."

ಅವರು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. "ಬದುಕಿದ್ದಿದ್ರೆ ಒಂದು ವರ್ಷ ನಮ್ಮಿಬ್ರನ್ನೂ ಆಡ್ಕೊಂಡು ಸಾಯಿಸ್ತಿದ್ಲು" ಎಂದರು. ಚಹಾ ಮಾಡಿಕೊಟ್ಟರು. ಸಪ್ಪೆಯಾಗಿತ್ತು. ಸಕ್ಕರೆ ಕೇಳಿ ಹಾಕಿಸಿಕೊಂಡೆ.

ಏಪ್ರಿಲ್ ೨೫, ಶುಕ್ರವಾರ

ಹೊಸ ಹುಡುಗಿ ಬಂದು ವಾರವಾಯಿತು. ಓದು ಮುಗಿಸಿ ಬಂದವಳು, ಮಾತು ಕಡಿಮೆ, ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ. ಅಕ್ಕನ ಕುರ್ಚಿ ಅವಳಿಗೂ ಗಿಡ್ಡ. ಕೇಳದೆಯೇ ಎತ್ತರಿಸಿಕೊಂಡಳು. ಅಕ್ಕನ ಲೋಟವನ್ನು ನಾನು ಮೊದಲೇ ತೊಳೆದು ಭಾವನಿಗೆ ಕೊಟ್ಟುಬಂದಿದ್ದೆ.

ಮಧ್ಯಾಹ್ನ ರಟ್ಟು ಸರಿಸಿದೆವು. ಮೊದಲನೆಯ ಗುಂಪಿಗೇ ನನ್ನದೊಂದು ಗುರುತು, ಅವಳದೊಂದು. ಅವಳು ಹೀಗೆನ್ನಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಯಾಕಮ್ಮ ಹಾಗನ್ನಿಸ್ತು?" ಎಂದೆ.

"ಸಾರ್, ನೀವು ನೋಡಿದ್ದು ತಪ್ಪು ಅಂತಲ್ಲ..." ಎಂದು ಶುರು ಮಾಡಿ ನಾನು ನೋಡಿದ್ದು ತಪ್ಪೆಂದು ಬಹಳ ಹೊತ್ತು ವಿವರಿಸಿದಳು. ಅರ್ಧ ಸರಿಯಿತ್ತು. ಉಳಿದರ್ಧಕ್ಕೆ ನಾನು ಬಗ್ಗಲಿಲ್ಲ.

"ಈ ರಟ್ಟು ಯಾಕ್ ಸಾರ್ ತಲೆಕೆಳಗಿದೆ? ನೇರ ಮಾಡ್ಲಾ?" ಎಂದು ಹೊರಡುವಾಗ ಕೇಳಿದಳು.

"ಬೇಡ. ಅದು ಹಾಗೇ ಇರೋದು" ಎಂದೆ.

ಏಪ್ರಿಲ್ ೨೮, ಸೋಮವಾರ

ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಬೀಗ ತೆಗೆದೆ. ನನ್ನ ಪರದೆಯಲ್ಲಿ ಚಿತ್ರ ನೇರವಾಗಿತ್ತು. ಹೇಗೆ ಬಿಟ್ಟುಹೋಗಿದ್ದೆನೋ ಹಾಗೇ ಇತ್ತು.

ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ ತಿರುಗಿಸಿದೆ.